ಹೊರಟವರು ಬಿಟ್ಟುಹೋದದ್ದು: ಕನ್ನಡ ಕಥೆಗಳ ದಾರಿ

ಮನೆ ಬಿಟ್ಟು ಹೊರಟವನು ದಾರಿಯಲ್ಲಿ ದೊಡ್ಡವನಾಗುತ್ತಾನೆ. ಈ ಕಥೆ ಹಲವು ಭಾಷೆಗಳಲ್ಲಿದೆ. ಜರ್ಮನ್ ಕವಿ ಗಯಟೆ 1795–96ರಲ್ಲಿ ಪ್ರಕಟಿಸಿದ 'ವಿಲ್ಹೆಲ್ಮ್ ಮೈಸ್ಟರ್' ಕಾದಂಬರಿ ಯುರೋಪಿನಲ್ಲಿ ಇದಕ್ಕೊಂದು ಮಾದರಿ ಹಾಕಿಕೊಟ್ಟಿತು. ವ್ಯಾಪಾರಿಯ ಮಗನೊಬ್ಬ ನಾಟಕದವರ ಜೊತೆ ಊರೂರು ಅಲೆಯುತ್ತಾನೆ, ಪೆಟ್ಟು ತಿನ್ನುತ್ತಾನೆ, ಕೊನೆಗೆ ಲೋಕದಲ್ಲಿ ತನ್ನದೊಂದು ಜಾಗ ಕಂಡುಕೊಳ್ಳುತ್ತಾನೆ. ದಾರಿ ಅವನ ಕೈಗೆ ಏನೇನೋ ಕೊಡುತ್ತಾ ಹೋಗುತ್ತದೆ. ಕನ್ನಡದ ದೊಡ್ಡ ಪ್ರಯಾಣಗಳನ್ನು ಓದಿದಾಗ ನನಗೆ ಕಾಣುವುದು ಬೇರೆ. ಇಲ್ಲಿ ದಾರಿ ಕಿತ್ತುಕೊಳ್ಳುತ್ತದೆ. ಕಳೆದುಕೊಂಡವರೇ ಬೆಳೆಯುತ್ತಾರೆ.

12ನೇ ಶತಮಾನದ ಅಕ್ಕಮಹಾದೇವಿಯಿಂದ ಶುರು ಮಾಡೋಣ. ಈಗಿನ ಶಿವಮೊಗ್ಗ ಜಿಲ್ಲೆಯ ಉಡುತಡಿಯಲ್ಲಿ ಅರಸ ಕೌಶಿಕನನ್ನೂ ಅರಮನೆಯನ್ನೂ ಬಿಟ್ಟು ಹೊರಟಳು. ಉಟ್ಟ ಬಟ್ಟೆಯನ್ನೂ ಬಿಟ್ಟಳು. ಹಸಿವಾದರೆ ಊರಲ್ಲಿ ಭಿಕ್ಷೆಯಿದೆ, ಬಾಯಾರಿದರೆ ಕೆರೆ ಬಾವಿಗಳಿವೆ, ಮಲಗಲು ಹಾಳು ದೇಗುಲಗಳಿವೆ ಎಂದು ಅವಳು ವಚನದಲ್ಲಿ ಹೇಳುವಾಗ ಒಬ್ಬಳೇ ನಡೆದು ಬದುಕಿದವಳ ಅನುಭವ ಕೇಳಿಸುತ್ತದೆ. ಜೊತೆಗೆ ಚೆನ್ನಮಲ್ಲಿಕಾರ್ಜುನ ಒಬ್ಬನಿದ್ದರೆ ಸಾಕು ಅವಳಿಗೆ. 15ನೇ ಶತಮಾನದ 'ಶೂನ್ಯಸಂಪಾದನೆ' ಈ ನಡಿಗೆಯ ನಡುವೆ ಒಂದು ಕಠಿಣ ಪರೀಕ್ಷೆ ಇಡುತ್ತದೆ. ಕಲ್ಯಾಣದಲ್ಲಿ ಅಲ್ಲಮ ಅವಳನ್ನು ತಡೆದು ಕೇಳುತ್ತಾನೆ: ನಿನ್ನ ಗಂಡ ಯಾರು? ಎಲ್ಲ ಬಿಟ್ಟವಳಾದರೆ ಮೈಯನ್ನು ಕೂದಲಲ್ಲಿ ಮುಚ್ಚಿಕೊಂಡಿದ್ದೇಕೆ? ಬಿಟ್ಟೆ ಎಂದುಕೊಂಡವಳಲ್ಲಿ ಇನ್ನೂ ಉಳಿದಿದ್ದೇನು ಎಂಬ ಪ್ರಶ್ನೆ ಅದು. ಉತ್ತರ ಕೊಟ್ಟು ಅವಳು ಶ್ರೀಶೈಲದ ಕದಳಿಯತ್ತ ಮುಂದೆ ನಡೆಯುತ್ತಾಳೆ. ಹಿಂದಿರುಗಿ ಬರುವ ಮಾತೇ ಇಲ್ಲ.

ಅಕ್ಕನ ನಂತರದ ಕಾಲದ ಕವಿ ರಾಘವಾಂಕ ಹರಿಶ್ಚಂದ್ರನನ್ನು ಕಾಶಿಯ ದಾರಿಗೆ ಇಳಿಸಿದ. ರಾಜ್ಯ ಹೋಗಿದೆ, ವಿಶ್ವಾಮಿತ್ರನ ಸಾಲ ಉಳಿದಿದೆ, ವಸೂಲಿಗೆ ಬಂದ ನಕ್ಷತ್ರಿಕ ಬೆನ್ನು ಬಿಡುವುದಿಲ್ಲ. ಬೆನ್ನು ಬಿದ್ದು ಪೀಡಿಸುವವನನ್ನು ನಾವು ಇವತ್ತಿಗೂ ನಕ್ಷತ್ರಿಕ ಅಂತಲೇ ಕರೆಯುತ್ತೇವೆ, ಅಲ್ವಾ? ಕಾಶಿ ಮುಟ್ಟಿದರೆ ಯಾತ್ರೆ ಮುಗಿಯಬೇಕಿತ್ತು. ಆದರೆ ಅಲ್ಲೇ ಹೆಂಡತಿ, ಮಗ ಮಾರಾಟವಾಗುತ್ತಾರೆ. ಸೂರ್ಯವಂಶದ ದೊರೆಯಾದ ಹರಿಶ್ಚಂದ್ರ, ಸುಡುಗಾಡಿನ ಒಡೆಯ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನೆ. ಅವನ ಸತ್ಯಕ್ಕೆ ಬೆಲೆ ಬರುವುದು ಸಿಂಹಾಸನದ ಮೇಲೆ ಕೂತಾಗ ಅಲ್ಲ, ಸುಡುಗಾಡಿನಲ್ಲಿ ನಿಂತಾಗ.

ಇಬ್ಬರಿಗೂ ಒಂದು ಭಾಗ್ಯವಿತ್ತು. ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು. 20ನೇ ಶತಮಾನದ ಕಾದಂಬರಿಯಲ್ಲಿ ಆ ಭರವಸೆ ಕರಗುತ್ತದೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯ ರಾಮ ಓದಲು ಮದರಾಸಿಗೆ ಹೋಗುತ್ತಾನೆ, ಚಳವಳಿಗೆ ಧುಮುಕುತ್ತಾನೆ, ಕೆಲಸಕ್ಕಾಗಿ ಅಲೆಯುತ್ತಾನೆ. ಕೊನೆಗೆ ತಾಯಿ ನಾಗವೇಣಿಯಿರುವ ಕಡಲತೀರದ ಊರಿಗೇ ಬರುತ್ತಾನೆ. ಪಟ್ಟಣದ ಆಸೆ ಬಿಟ್ಟ ಮೇಲೆ ಮಣ್ಣು ಸಿಗುತ್ತದೆ. ಆದರೂ ಅವನಿಗೆ ಮರಳಲು ಒಂದು ಊರಿತ್ತು.

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ದ ಪ್ರಾಣೇಶಾಚಾರ್ಯರಿಗೆ ಅದೂ ಇಲ್ಲ. 1965ರಲ್ಲಿ ಬಂದ ಈ ಕಾದಂಬರಿಯನ್ನು ಅನಂತಮೂರ್ತಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಸಂಶೋಧನೆಗೆ ಹೋಗಿದ್ದಾಗ. ಅಲ್ಲಿ ಅವರು ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಸಿನಿಮಾ ನೋಡಿದ್ದರು. ಪ್ಲೇಗು ಹಬ್ಬಿದ ನಾಡಿನಲ್ಲಿ ನಂಬಿಕೆ ಅಲ್ಲಾಡಿದ ಯೋಧನೊಬ್ಬ ಮನೆಯತ್ತ ಪಯಣಿಸುವ ಕಥೆ ಅದು. ಅದನ್ನು ನೋಡಿದ ಮೇಲೆಯೇ ಮಲೆನಾಡಿನ ಅಗ್ರಹಾರದ ಪ್ಲೇಗು ಕಾದಂಬರಿಯಾಯಿತು.

ಪಂಡಿತರೆಂದು ಹೆಸರಾದ ಆಚಾರ್ಯರು, ಅಗ್ರಹಾರದಲ್ಲಿ ಸತ್ತ ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿಯನ್ನು ಕೂಡಿದ್ದಾರೆ. ರೋಗಿ ಹೆಂಡತಿ ಪ್ಲೇಗಿಗೆ ಸತ್ತಿದ್ದಾಳೆ. ಅವಳನ್ನು ಸುಟ್ಟು, ಕಾಲು ಒಯ್ದತ್ತ ನಡೆಯುತ್ತಾರೆ. ದಾರಿಯಲ್ಲಿ ಗಂಟು ಬೀಳುವವನು ಮಾಲೇರ ಪುಟ್ಟ, ಬಾಯಿ ಮುಚ್ಚದ ಮಾತುಗಾರ. ನನ್ನ ಪ್ರಕಾರ ಇಡೀ ಕಾದಂಬರಿಯ ಜೀವ ಈ ಜೋಡಿ ನಡಿಗೆಯಲ್ಲಿದೆ. ಶಾಸ್ತ್ರವೆಲ್ಲ ಬಲ್ಲವರಿಗೆ ಮೇಳಿಗೆಯ ಜಾತ್ರೆಯಲ್ಲಿ ಕೋಳಿ ಅಂಕ ಹೊಸ ಲೋಕ. ಪುಟ್ಟನಿಗೆ ಅದು ಮನೆಯಂಗಳ. ಸೂತಕದಲ್ಲೇ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರುತ್ತಾರೆ. ಅಲ್ಲಿ ಒಬ್ಬ ಗುರುತು ಹಿಡಿದಾಗ ಓಡುತ್ತಾರೆ. ಹೆಸರು, ಗೌರವ, ಜಾತಿಯ ಕಟ್ಟು ಒಂದೊಂದಾಗಿ ಕಳಚುತ್ತವೆ. ಕೊನೆಯಲ್ಲಿ ಅಗ್ರಹಾರವಿರುವ ದೂರ್ವಾಸಪುರದತ್ತ ಗಾಡಿ ಹತ್ತುತ್ತಾರೆ, ಊರು ಮುಟ್ಟುವ ಮೊದಲೇ ಕಾದಂಬರಿ ನಿಲ್ಲುತ್ತದೆ. ಕಾಶಿಯೂ ಇಲ್ಲ, ಕದಳಿಯೂ ಇಲ್ಲ. ಹೀಗೆ ನಡುದಾರಿಯಲ್ಲಿ ಬಿಟ್ಟದ್ದೇ ಈ ಕೃತಿಯ ದೊಡ್ಡ ಧೈರ್ಯ. ಮಾಗುವುದು ಮುಗಿದು ಹೋಯಿತು ಎಂದು ಲೇಖಕರು ಸುಳ್ಳು ಹೇಳಲಿಲ್ಲ.

ಈ ಇತಿಹಾಸದಲ್ಲಿ ನನ್ನನ್ನು ಕಾಡುವ ಒಂದು ವಿಷಯವಿದೆ. ನಮ್ಮ ಸಾಹಿತ್ಯದಲ್ಲಿ ಮೊದಮೊದಲು ಹೊರಟವರಲ್ಲಿ ಒಬ್ಬಳು ಹೆಣ್ಣು. ಆದರೆ ಅಲೆದಾಡಿ ತನ್ನನ್ನು ಹುಡುಕಿಕೊಳ್ಳುವ ಹಕ್ಕು ಆಧುನಿಕ ಕಾದಂಬರಿಯಲ್ಲಿ ಗಂಡಿಗೇ ಜಾಸ್ತಿ ಸಿಕ್ಕಿತು. ಆಚಾರ್ಯರು ದಾರಿಯಲ್ಲಿ ತಮ್ಮೊಳಗನ್ನು ಕೆದಕುವಾಗ, ಅವರನ್ನು ಬದಲಿಸಿದ ಚಂದ್ರಿ ಕುಂದಾಪುರಕ್ಕೆ ಹೊರಟು ಕಥೆಯಿಂದಲೇ ಮರೆಯಾಗಿದ್ದಾಳೆ. ಅವಳ ದಾರಿಯನ್ನು ಯಾರೂ ಹಿಂಬಾಲಿಸುವುದಿಲ್ಲ.

ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಸ್ವಲ್ಪ ಬಾಗಿಲು ತೆರೆದರು. ಬೇಡದ ಮದುವೆಯಿಂದ ತಪ್ಪಿಸಿಕೊಳ್ಳಲು ಹೂವಳ್ಳಿಯ ಚಿನ್ನಮ್ಮ ರಾತ್ರಿಯಲ್ಲಿ ಕಾಡು ಹೊಕ್ಕು ಹುಲಿಕಲ್ಲು ನೆತ್ತಿ ಹತ್ತುತ್ತಾಳೆ. ಅಂಗಳ ದಾಟಲು ಹೆದರುತ್ತಿದ್ದ ಹುಡುಗಿ ಅವಳು. ಪುಟಗಟ್ಟಲೆ ನಾವು ಅವಳ ಭಯದ ಜೊತೆಗೇ ನಡೆಯುತ್ತೇವೆ. ಆದರೂ ಅವಳು ಹೋಗುತ್ತಿರುವುದು ತಾನು ಪ್ರೀತಿಸಿದ ಮುಕುಂದಯ್ಯನ ಹತ್ತಿರಕ್ಕೆ. ಯಾರ ಹತ್ತಿರಕ್ಕೂ ಅಲ್ಲದೆ, ಸುಮ್ನೆ ತನಗಾಗಿ ಹೊರಟು ನಿಂತ ಹೆಣ್ಣಿಗೆ ಒಂದು ಇಡೀ ಕಾದಂಬರಿಯನ್ನು ಬಿಟ್ಟುಕೊಟ್ಟದ್ದು ನಮ್ಮಲ್ಲಿ ಇನ್ನೂ ಕಡಿಮೆ.