ಒಡೆದ ಮೂತ್ರಕೋಶಕ್ಕೆ ತೂತೋ, ಸೀಳೋ?

“ಲೇಸರ್‌ನಲ್ಲೇ ಮಾಡಿಬಿಡಿ ಡಾಕ್ಟ್ರೇ, ಹೊಟ್ಟೆ ಕೊಯ್ಯೋದು ಬೇಡ.” ಅಪಘಾತವಾದವರ ಕಡೆಯವರು ಹೀಗೆ ಅಂಗಲಾಚುವುದುಂಟು. ಮೂರ್ನಾಲ್ಕು ತೂತು ಮಾಡಿ, ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪ್ರೊಸ್ಕೋಪಿಯೇ ಬೇರೆ, ಲೇಸರ್ರೇ ಬೇರೆ. ಅದಿರಲಿ. ಹೊಟ್ಟೆ ಸೀಳುವುದು ಹಳೆಯದು, ತೂತು ಹೊಸದು, ಹಾಗಾಗಿ ಒಳ್ಳೆಯದು ಎಂಬ ಲೆಕ್ಕ ಒಡೆದ ಮೂತ್ರಕೋಶದ ವಿಷಯದಲ್ಲಿ ಎಲ್ಲ ಸಲವೂ ಕೂಡಿಬರುವುದಿಲ್ಲ.

ಖಾಲಿ ಮೂತ್ರಕೋಶ ಸೊಂಟದ ಮೂಳೆಗಳ ಮರೆಯಲ್ಲಿ ಮುದುಡಿ ಕೂತಿರುತ್ತದೆ. ಅರ್ಧ ಲೀಟರಿನಷ್ಟು ತುಂಬಿತೋ, ಹೊಟ್ಟೆಯ ಕಡೆಗೆ ತಲೆ ಎತ್ತುತ್ತದೆ. “ಇಳಿದಮೇಲೆ ಹೋದರಾಯಿತು” ಎಂದು ತಡೆದುಕೊಂಡವನ ಬಸ್ಸು ಎದುರಿನ ಲಾರಿಗೆ ಗುದ್ದಿತೆನ್ನಿ. ದ್ರವ ಅಮುಕಿದರೆ ಕುಗ್ಗುವುದಿಲ್ಲ; ಪೆಟ್ಟು ಎಲ್ಲೇ ಬೀಳಲಿ, ಒತ್ತಡ ಸುತ್ತಲೂ ಹರಡುತ್ತದೆ. ಹಾಲಿನ ಪ್ಯಾಕೆಟ್ ತುಳಿದರೆ ತುಳಿದಲ್ಲಿ ಒಡೆಯದೆ ಅಂಚು ಬಿಟ್ಟುಕೊಳ್ಳುತ್ತದಲ್ಲ, ಹಾಗೆ. ತುಂಬಿದ ಕೆರೆಯೂ ಏರಿ ಸಡಿಲವಿದ್ದಲ್ಲೇ ಒಡೆಯುತ್ತದೆ. ಮೂತ್ರಕೋಶದ ಬುಡಕ್ಕೆ ಮೂಳೆಯ ಆಸರೆಯಿದೆ, ನೆತ್ತಿಗಿಲ್ಲ. ಬಿರಿಯುವುದು ನೆತ್ತಿಯೇ. ಕರುಳುಗಳ ನಡುವೆ ಸುರಿದ ಮೂತ್ರವನ್ನು ಹೊಟ್ಟೆಯ ಒಳಪೊರೆ ಹೀರಿ ರಕ್ತಕ್ಕೆ ಮರಳಿಸುತ್ತದೆ. ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿ, ಚೆನ್ನಾಗಿರುವ ಕಿಡ್ನಿಯೇ ಕೆಟ್ಟಂತೆ ಕಾಣುತ್ತದೆ!

ಖಗೋಳಜ್ಞ ಟೈಕೋ ಬ್ರಾಹೆ 1601ರಲ್ಲಿ ಪ್ರಾಗ್‌ನ ಔತಣವೊಂದರಲ್ಲಿ ಮರ್ಯಾದೆಗೆ ಅಂಜಿ ಏಳದೆ ಕೂತ, ಮೂತ್ರಕೋಶ ಒಡೆದು ಸತ್ತ ಎಂಬ ಕಥೆಯಿದೆ. ಆದರೆ ಆತ ಆಮೇಲೆ ಹನ್ನೊಂದು ದಿನ ಬದುಕಿದ್ದ, ಮೂತ್ರ ಕಟ್ಟಿ ನರಳಿದ. ಪೆಟ್ಟು ಬೀಳದ ಆರೋಗ್ಯವಂತ ಮೂತ್ರಕೋಶ ಬರೀ ತಡೆದುಕೊಂಡದ್ದಕ್ಕೆ ಒಡೆಯುವುದು ತೀರಾ ಅಪರೂಪ.

ಸೊಂಟದ ಮೂಳೆ ಮುರಿದು ಮೂತ್ರಕೋಶದ ಕೆಳಭಾಗ ಹರಿದಿದ್ದರೆ ಬಹುತೇಕ ತೂತೂ ಬೇಡ, ಸೀಳೂ ಬೇಡ. ಕ್ಯಾತಿಟರ್ (ಮೂತ್ರ ಹೊರಬಿಡುವ ನಳಿಕೆ) ಹಾಕಿ ಎರಡು ವಾರ ಖಾಲಿಯಿಟ್ಟರೆ ತಾನೇ ಕೂಡಿಕೊಳ್ಳುತ್ತದೆ. ಮೂಳೆಚೂರು ಒಳಹೊಕ್ಕಿದ್ದರೆ, ಮೂತ್ರಕೋಶದ ಕುತ್ತಿಗೆಯ ಭಾಗ ಹರಿದಿದ್ದರೆ ಮಾತು ಬೇರೆ.

ಮೂತ್ರಕೋಶದ ನೆತ್ತಿ ಒಡೆದರೆ ಹೊಲಿಯಲೇಬೇಕು. ಹೇಗೆ ಎಂಬುದನ್ನು ತೀರ್ಮಾನಿಸುವುದು ಮೂತ್ರಕೋಶಕ್ಕಿಂತ ಉಳಿದ ಮೈಯ ಸ್ಥಿತಿ. ಲ್ಯಾಪ್ರೊಸ್ಕೋಪಿಗೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ 12–15 ಮಿ.ಮೀ. ಪಾದರಸದಷ್ಟು ಒತ್ತಡ ಕೊಡುತ್ತಾರೆ. ಅದು ದೊಡ್ಡ ರಕ್ತನಾಳಗಳನ್ನು ಅಮುಕಿ, ಹೃದಯಕ್ಕೆ ಮರಳುವ ರಕ್ತವನ್ನು ತಗ್ಗಿಸುತ್ತದೆ. ರಕ್ತ ಸೋರಿ ಬಿಪಿ ಕುಸಿದವನಿಗೆ ಇದು ಗಂಡಾಂತರ. ತಲೆಗೆ ಪೆಟ್ಟಾದವನಲ್ಲಿ ಮಿದುಳಿನ ಒತ್ತಡವನ್ನೂ ಏರಿಸೀತು. ಅಂಥವರಿಗೆ ಸೀಳೇ ಸರಿ: ಕೈ ಒಳಗಿಟ್ಟು ರಕ್ತ ನಿಲ್ಲಿಸಬಹುದು, ಕರುಳನ್ನು ಮೊಳ ಮೊಳವಾಗಿ ತಡವಿ ನೋಡಬಹುದು. ಬಿಪಿ ಸ್ಥಿರವಾಗಿದೆ, ಬೇರೇನೂ ಗಾಯವಿಲ್ಲ ಎಂದಾದರೆ ತೂತು ಗೆಲ್ಲುತ್ತದೆ. ನೋವು ಕಡಿಮೆ, ಬೇಗ ಮನೆ. ಹೊಲಿಯಲು ಪಳಗಿದ ಕೈಯಿರಬೇಕು, ಅಷ್ಟೆ.

ಒಳಗಿನ ಹೊಲಿಗೆ ಮಾತ್ರ ಎರಡರಲ್ಲೂ ಒಂದೇ, ಕರಗುವ ದಾರದ್ದು. ಕರಗದ ದಾರ ಒಳಗುಳಿದರೆ, ಪಾಕದಲ್ಲಿ ಇಳಿಬಿಟ್ಟ ದಾರಕ್ಕೆ ಕಲ್ಲುಸಕ್ಕರೆ ಕಟ್ಟುವಂತೆ ಮೂತ್ರದ ಲವಣ ಅಂಟಿ ಕಲ್ಲಾಗುತ್ತದೆ. ಕೊನೆಗೆ ಕ್ಯಾತಿಟರ್ ಮೂಲಕ ಸಲೈನ್ ತುಂಬಿಸಿ, ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿಗದ್ದಿ ನೋಡುವ ಹಾಗೆ, ಎಲ್ಲಾದರೂ ಜಿನುಗುತ್ತಿದೆಯೇ ಎಂದು ನೋಡುತ್ತಾರೆ.