ಓದು ಕಲಿಸುವುದು ಭಾಷಾ ಶಿಕ್ಷಕರೊಬ್ಬರ ಹೊಣೆಯಲ್ಲ

ಏಳನೆಯ ತರಗತಿಯ ಇಬ್ಬರು ಮಕ್ಕಳು ವಿಜ್ಞಾನದ ಕಿರುಪರೀಕ್ಷೆಯಲ್ಲಿ 25ಕ್ಕೆ 7 ಅಂಕ ಪಡೆದಿದ್ದರು. ಶಾಲೆಯವರು ಇಬ್ಬರನ್ನೂ ಓದಿನಲ್ಲಿ ಹಿಂದುಳಿದವರ ಪಟ್ಟಿಗೆ ಸೇರಿಸಿ, ಪರಿಹಾರ ಬೋಧನೆಯ ಅವಧಿಯಲ್ಲಿ ಕಾಗುಣಿತ ಬರೆಸುತ್ತಿದ್ದರು. ನಾನು ಅವರನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು, ಅದೇ ಪಾಠದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿದೆ. ಹುಡುಗಿ ‘ಬಾಷ್ಪೀಕರಣ’ ಎಂಬ ಪದದ ಮುಂದೆ ನಿಂತುಬಿಟ್ಟಳು. ಒತ್ತಕ್ಷರದ ಹತ್ತಿರ ತಡವರಿಸಿ, ನನ್ನ ಮುಖ ನೋಡುತ್ತಾ ‘ಭಾಷಣ’ ಎಂದು ಊಹಿಸಿದಳು. ಅದೇ ಪುಟವನ್ನು ನಾನು ಓದಿ ಹೇಳಿದಾಗ, ಗಾಳಿ ಬೀಸಿದರೆ ಒದ್ದೆ ಬಟ್ಟೆ ಏಕೆ ಬೇಗ ಒಣಗುತ್ತದೆ ಎಂಬುದನ್ನು ತನ್ನದೇ ಮಾತಿನಲ್ಲಿ ಸ್ಪಷ್ಟವಾಗಿ ವಿವರಿಸಿದಳು. ಹುಡುಗ ಇಡೀ ಪುಟವನ್ನು ಎಲ್ಲಿಯೂ ಎಡವದೆ ಓದಿ ಮುಗಿಸಿದ. ಓದಿದ್ದರಲ್ಲಿ ಏನಿತ್ತು ಎಂದು ಕೇಳಿದರೆ, ಕೊನೆಯ ವಾಕ್ಯವನ್ನು ಹಾಗೆಯೇ ಒಪ್ಪಿಸಿದ.

ಈ ಇಬ್ಬರ ತೊಂದರೆ ಒಂದೇ ಅಲ್ಲ. 1986ರಲ್ಲಿ ಸಂಶೋಧಕರಾದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಓದಿನ ಗ್ರಹಿಕೆಯನ್ನು ಎರಡು ಶಕ್ತಿಗಳ ಗುಣಲಬ್ಧವೆಂದು ವಿವರಿಸಿದರು: ಅಕ್ಷರಗಳನ್ನು ಬಿಡಿಸಿ ಪದವನ್ನು ಗುರುತಿಸುವ ಶಕ್ತಿ ಒಂದು, ಕೇಳಿದ ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇವು ಕೂಡುವುದಿಲ್ಲ, ಗುಣಿಸುತ್ತವೆ. ಆದ್ದರಿಂದ ಯಾವುದೇ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ಬಲವಾಗಿದ್ದರೂ ಫಲ ಸೊನ್ನೆಯೇ. ಹುಡುಗಿಗೆ ಬೇಕಾದದ್ದು ಒತ್ತಕ್ಷರಗಳ ಕ್ರಮಬದ್ಧ ಅಭ್ಯಾಸ. ಹುಡುಗನಿಗೆ ಬೇಕಾದದ್ದು ಪದಗಳ ಅರ್ಥ, ವಿಷಯದ ತಿಳಿವಳಿಕೆ, ಓದಿದ್ದನ್ನು ಮಾತಿನಲ್ಲಿ ಹೇಳುವ ಅವಕಾಶ. ಅವನಿಂದ ಕಾಗುಣಿತ ಬರೆಸಿದ ಅಷ್ಟೂ ದಿನಗಳು ವ್ಯರ್ಥವಾಗಿದ್ದವು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಏಳನೆಯ ತರಗತಿಯವರೆಗೆ ಇದು ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆ? ಇಡೀ ತರಗತಿ ಒಕ್ಕೊರಲಿನಿಂದ ಓದುವಾಗ, ಓದಲು ಬಾರದ ಮಗು ಪಕ್ಕದವರ ದನಿಗೆ ತುಟಿ ಹೊಂದಿಸಿಕೊಂಡು ಸಲೀಸಾಗಿ ದಾಟಿಬಿಡುತ್ತದೆ. ಹೀಗಾಗಿ ವರ್ಷಕ್ಕೆ ಮೂರು ಬಾರಿಯಾದರೂ ಪ್ರತಿ ಮಗುವಿನ ಓದನ್ನು ಒಬ್ಬರು ಎದುರು ಕುಳಿತು ಕೇಳಬೇಕು: ಒಂದು ನಿಮಿಷ ಗಟ್ಟಿ ಓದು, ಬಳಿಕ ಓದಿದ್ದರ ಬಗ್ಗೆ ಎರಡು ಪ್ರಶ್ನೆ. ಆ ಟಿಪ್ಪಣಿ ಮುಂದಿನ ವಾರ ಯಾವ ಮಗುವಿಗೆ ಏನು ಕಲಿಸಬೇಕೆಂದು ನಿರ್ಧರಿಸಲು ಬಳಕೆಯಾಗಬೇಕೇ ಹೊರತು ಅಂಕಪಟ್ಟಿಗೆ ಹೋಗಬಾರದು. ಕಣ್ಣು ಮತ್ತು ಕಿವಿಯ ತಪಾಸಣೆಯೂ ಮೊದಲ ಸುತ್ತಿನಲ್ಲೇ ಆಗಿಬಿಡಲಿ.

ಶಾಲೆಯ ಎಲ್ಲ ಶಿಕ್ಷಕರೂ ಓದು ಕಲಿಸಬೇಕು ಎಂದಾಗ ಗಣಿತದವರೂ ವಿಜ್ಞಾನದವರೂ ಬೇಸರಪಟ್ಟುಕೊಳ್ಳುವುದನ್ನು ನಾನು ಅನೇಕ ಸಭೆಗಳಲ್ಲಿ ನೋಡಿದ್ದೇನೆ. ತಮ್ಮ ಪಾಠವೇ ಮುಗಿಯದಿರುವಾಗ ಇನ್ನೊಂದು ಹೊರೆ ಬಂತೆಂಬ ಅವರ ಅಳಲು ಸಹಜವಾದದ್ದು. ಆದರೆ ಇಲ್ಲಿ ಕೇಳುತ್ತಿರುವುದು ಬೇರೆ ಪಾಠವನ್ನಲ್ಲ. ‘ಬಾಷ್ಪ’ ಎಂದರೆ ಆವಿ, ‘ಬಾಷ್ಪೀಕರಣ’ ಎಂದರೆ ಆವಿಯಾಗಿಸುವುದು ಎಂದು ವಿಜ್ಞಾನದ ಶಿಕ್ಷಕರು ಪದವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಲು ಎರಡು ನಿಮಿಷ ಸಾಕು. ಮುಂದಿನ ಅವಧಿಯಲ್ಲಿ ಗಣಿತದವರು ‘ಸಮೀಕರಣ’ ಎಂದರೆ ಸಮವಾಗಿಸುವುದು, ‘ಸರಳೀಕರಣ’ ಎಂದರೆ ಸರಳವಾಗಿಸುವುದು ಎನ್ನುತ್ತಾರೆ. ಸಮಾಜ ವಿಜ್ಞಾನದಲ್ಲಿ ‘ನಗರೀಕರಣ’, ‘ರಾಷ್ಟ್ರೀಕರಣ’ ಬರುತ್ತವೆ. ಮೂವರೂ ಒಂದೇ ವಾರದಲ್ಲಿ ಒಂದೇ ಬಗೆಯಲ್ಲಿ ಈ ‘ಈಕರಣ’ವನ್ನು ಬೇರ್ಪಡಿಸಿ ತೋರಿಸಿದರೆ, ಮಗುವಿಗೆ ನಾಲ್ಕೈದು ಪದಗಳಷ್ಟೇ ಅಲ್ಲ, ಮುಂದೆ ಎದುರಾಗುವ ಹತ್ತಾರು ಪದಗಳ ಬೀಗದ ಕೈ ಸಿಗುತ್ತದೆ. ಹುಡುಗಿಗೆ ಇದು ಉದ್ದ ಪದವನ್ನು ತುಂಡು ಮಾಡಿ ಓದುವ ದಾರಿ, ಹುಡುಗನಿಗೆ ಅರ್ಥದ ದಾರಿ. ಈಗಾಗಲೇ ಚೆನ್ನಾಗಿ ಓದುವ ಮಗುವಂತೂ ‘ಅಂಗೀಕರಣ’ಕ್ಕೂ ಇದೇ ಲೆಕ್ಕ ಹೊಂದುತ್ತದೆಯೇ ಎಂದು ಕೇಳಿ ಶಿಕ್ಷಕರನ್ನೇ ಯೋಚನೆಗೆ ಹಚ್ಚುತ್ತದೆ.

ಗಣಿತದಲ್ಲಿ ಚಿಕ್ಕ ಪದಗಳೇ ಹೆಚ್ಚು ತೊಡಕಿನವು. ‘ಮೂರು ಹೆಚ್ಚು’, ‘ಮೂರರಷ್ಟು’, ‘ಮೂರನೆಯ ಒಂದರಷ್ಟು’ ಇವುಗಳ ವ್ಯತ್ಯಾಸ ತಿಳಿಯದ ಮಗು ಲೆಕ್ಕ ಬಾರದೆ ತಪ್ಪುತ್ತಿಲ್ಲ, ವಾಕ್ಯ ತಿಳಿಯದೆ ತಪ್ಪುತ್ತಿದೆ. ಅದನ್ನು ಹಿಡಿಯಬಲ್ಲವರು ಗಣಿತದ ಶಿಕ್ಷಕರು ಮಾತ್ರ.

ಹೆಚ್ಚಿನ ನೆರವಿನ ವ್ಯವಸ್ಥೆಯನ್ನು ಸಾಮಾನ್ಯವಾಗಿ ಮೂರು ಹಂತಗಳಾಗಿ ಯೋಚಿಸುತ್ತಾರೆ: ಎಲ್ಲರಿಗೂ ತರಗತಿಯ ಪಾಠ, ಕೆಲವರಿಗೆ ಸಣ್ಣ ಗುಂಪು, ತೀರಾ ಕಷ್ಟವಿರುವವರಿಗೆ ಒಬ್ಬೊಬ್ಬರಾಗಿ ಬೋಧನೆ. ನಾನು ಕಂಡ ಬಹಳಷ್ಟು ಶಾಲೆಗಳು ಮೊದಲ ಹಂತವನ್ನು ಹಾಗೆಯೇ ಬಿಟ್ಟು ನೇರವಾಗಿ ಎರಡನೆಯದಕ್ಕೆ ಕೈ ಹಾಕುತ್ತವೆ. ಅರ್ಧ ತರಗತಿಯೇ ಸಣ್ಣ ಗುಂಪಿಗೆ ಬೇಕಾಗಿದೆ ಎಂದರೆ ಕೊರತೆ ಇರುವುದು ತರಗತಿಯ ಪಾಠದಲ್ಲಿ. ಇದಕ್ಕಿಂತ ದೊಡ್ಡ ಅಪಾಯವನ್ನು ತರುವುದು ವೇಳಾಪಟ್ಟಿ. ಓದು ಬಾರದ ಮಗುವನ್ನು ವಿಜ್ಞಾನದ ಅವಧಿಯಿಂದ ಎಬ್ಬಿಸಿ ಅಕ್ಷರಾಭ್ಯಾಸಕ್ಕೆ ಕಳುಹಿಸಿದರೆ, ಅದು ಅಕ್ಷರ ಕಲಿಯುವ ಹೊತ್ತಿಗೆ ಜ್ಞಾನದಲ್ಲಿ ಹಿಂದೆ ಬಿದ್ದಿರುತ್ತದೆ. 1988ರಲ್ಲಿ ಸಂಶೋಧಕರಾದ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆಯೊಂದನ್ನು ಓದಲು ಕೊಟ್ಟಾಗ, ಆಟವನ್ನು ಬಲ್ಲ ದುರ್ಬಲ ಓದುಗರು, ಆಟ ತಿಳಿಯದ ಉತ್ತಮ ಓದುಗರಿಗಿಂತ ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡು ವಿವರಿಸಿದರು. ತಿಳಿವಳಿಕೆ ಓದಿಗೆ ಇಷ್ಟು ಆಧಾರವಾಗಿರುವಾಗ, ಓದಿನ ಹೆಸರಿನಲ್ಲಿಯೇ ಅದನ್ನು ಕಸಿದುಕೊಳ್ಳಬಾರದು. ಸಣ್ಣ ಗುಂಪಿನ ಪಾಠ ತರಗತಿಯ ಪಾಠದ ಜೊತೆಗೆ ಸೇರಬೇಕು, ಅದರ ಜಾಗಕ್ಕೆ ಬರಬಾರದು.

ಅದೇ ಕಾರಣಕ್ಕೆ, ಅಕ್ಷರಗಳೊಡನೆ ಇನ್ನೂ ಹೆಣಗುತ್ತಿರುವ ಮಗುವಿಗೆ ಇತರ ವಿಷಯಗಳ ಪಾಠವನ್ನು ಯಾರಾದರೂ ಓದಿ ಹೇಳಬೇಕು, ಬಾಯಿಮಾತಿನ ಉತ್ತರವನ್ನು ಒಪ್ಪಿಕೊಳ್ಳಬೇಕು. ಡಿಸ್ಲೆಕ್ಸಿಯಾ, ಅಂದರೆ ಪದಗಳನ್ನು ಗುರುತಿಸಿ ಓದುವುದರಲ್ಲೇ ಬಿಡದೆ ಕಾಡುವ ಕಲಿಕೆಯ ತೊಡಕು, ಇರುವ ಮಕ್ಕಳಿಗೆ ಇದು ರಿಯಾಯಿತಿಯಲ್ಲ, ಪಾಠದ ಬಾಗಿಲು ತೆರೆದಿಡುವ ಕೆಲಸ. ಆದರೆ ಈ ನೆರವು ದೊರೆತಿದೆಯೆಂದು ಅಕ್ಷರದ ಅಭ್ಯಾಸವನ್ನು ನಿಲ್ಲಿಸುವಂತಿಲ್ಲ. ಮನೆಯ ಮಾತು ಬೇರೆಯಾಗಿರುವ ಮಗುವಿಗೆ, ಓದಿದ್ದನ್ನು ಮೊದಲು ಅದೇ ಮಾತಿನಲ್ಲಿ ಗೆಳೆಯರೊಡನೆ ಚರ್ಚಿಸಲು ಬಿಡಬೇಕು.

ನಾನು ಹೇಳಿದ ಹುಡುಗಿ ಆರು ತಿಂಗಳಲ್ಲಿ ಪಠ್ಯವನ್ನು ನಿಧಾನವಾಗಿಯಾದರೂ ತಾನೇ ಓದತೊಡಗಿದಳು. ಹುಡುಗನ ಪ್ರಗತಿ ಅಷ್ಟು ಬೇಗ ಕಾಣಲಿಲ್ಲ, ಕಾಣುವಂಥದ್ದೂ ಅಲ್ಲ. ಪದ ಮತ್ತು ತಿಳಿವಳಿಕೆ ಬೆಳೆಯಲು ವರ್ಷಗಳು ಬೇಕು, ಅಷ್ಟರಲ್ಲಿ ಶಿಕ್ಷಕರು ಎರಡು ಬಾರಿಯಾದರೂ ಬದಲಾಗುತ್ತಾರೆ. ಆದ್ದರಿಂದ ಯಾವ ಮಗುವಿಗೆ ಎಲ್ಲಿ ತೊಡಕಿದೆ, ಏನು ಪ್ರಯತ್ನಿಸಲಾಯಿತು, ಯಾವುದು ಫಲಿಸಿತು ಎಂಬ ಒಂದು ಪುಟದ ಬರಹವನ್ನು ಮುಖ್ಯ ಶಿಕ್ಷಕರು ಪ್ರತಿ ವರ್ಷದ ಮೊದಲ ವಾರದಲ್ಲೇ ಹೊಸ ತರಗತಿಯ ಎಲ್ಲ ವಿಷಯಗಳ ಶಿಕ್ಷಕರ ಕೈಗೆ ಕೊಟ್ಟು, ಅವರೊಡನೆ ಕುಳಿತು ಓದಬೇಕು.