ತೋಟ, ಕೊಟ್ಟಿಗೆ ಅಂತ ದಿನವಿಡೀ ಓಡಾಡ್ತೀನಿ, ಮತ್ತೆ ವಾಕಿಂಗ್ ಬೇಕಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟದ ಮನೆ. ನನಗೆ 46 ವರ್ಷ. ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ರಾತ್ರಿ ಪಾತ್ರೆ ತೊಳೆದಿಡುವ ತನಕ ಪುರುಸೊತ್ತಿಲ್ಲ. ಆದರೂ ಬೆಂಗಳೂರಿನಲ್ಲಿರುವ ಮಗಳು ಫೋನ್ ಮಾಡಿದಾಗೆಲ್ಲ ‘ಆಯಿ, ದಿನಾ ವಾಕಿಂಗ್ ಹೋಗು’ ಅನ್ನುತ್ತಾಳೆ. ಇಷ್ಟು ಕೆಲಸ ಸಾಲದಾ?

ಉತ್ತರ: ನಿಮ್ಮ ಕೆಲಸ ಲೆಕ್ಕಕ್ಕೆ ಬರುತ್ತದೆ. ಇದನ್ನು ಮೊದಲು ಮಗಳಿಗೆ ಹೇಳಿ. ಜನ ಎಷ್ಟು ಮೈ ಬಗ್ಗಿಸುತ್ತಾರೆ ಅಂತ ತಿಳಿಯೋಕೆ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪ್ರಶ್ನಾವಳಿ ಇದೆ. ಅದರಲ್ಲಿ ಕೆಲಸ, ಓಡಾಟ, ಬಿಡುವಿನ ಆಟ-ವ್ಯಾಯಾಮ, ಮೂರನ್ನೂ ಬೇರೆ ಬೇರೆ ಕೇಳುತ್ತಾರೆ. ಸಂಬಳವಿಲ್ಲದ ಮನೆಗೆಲಸ, ತೋಟದ ಕೆಲಸ ಕೂಡ ‘ಕೆಲಸ’ದಲ್ಲೇ ಸೇರುತ್ತದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವಂಥದ್ದು ಬೇಕು ಅನ್ನುತ್ತದೆ ಅದೇ ಸಂಸ್ಥೆ. ಮೊದಲೆಲ್ಲ ಒಂದೇ ಸಮ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅಂತಿತ್ತು. 2020ರಲ್ಲಿ ಆ ಷರತ್ತು ಹೋಯಿತು. ಬಾವಿಯಿಂದ ನಾಲ್ಕು ಕೊಡ ನೀರು ಸೇದಿದ್ದೂ ಈಗ ಲೆಕ್ಕವೇ.

ಮಧ್ಯಮ ಅಂದರೆ ಎಷ್ಟು? ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಪಕ್ಕದವರ ಜತೆ ಸುದ್ದಿ ಹೇಳಬಹುದು, ಯಕ್ಷಗಾನದ ಪದ ಎತ್ತಿದರೆ ಅರ್ಧಕ್ಕೇ ಉಸಿರು ಸಾಲಬಾರದು. ಹುಲ್ಲಿನ ಹೊರೆ ಹೊತ್ತು ತೋಟದಿಂದ ದಿಬ್ಬ ಹತ್ತುವಾಗ ಪದ ಬರುತ್ತದಾ ನೋಡಿ.

ಆದರೆ ಮಗಳ ಮಾತಲ್ಲೂ ಹುರುಳಿದೆ. ಪುರುಸೊತ್ತಿಲ್ಲದಿರುವುದೇ ಬೇರೆ, ಮೈ ದುಡಿಯುವುದೇ ಬೇರೆ. ಕಳೆದ ಕೊಯ್ಲಿಗೆ ತವರಿಗೆ ಹೋದವಳು ಕೈಗೆ ಹೆಜ್ಜೆ ಎಣಿಸುವ ಬ್ಯಾಂಡ್ ಕಟ್ಟಿಕೊಂಡೇ ಅಡಿಕೆ ಸುಲಿಯೋಕೆ ಕೂತಿದ್ದೆ. ಎರಡು ತಾಸು ಕೂತಲ್ಲಿಂದ ಎದ್ದಿಲ್ಲ, ಬ್ಯಾಂಡ್ ಮಾತ್ರ ಹೆಜ್ಜೆ ಸೇರಿಸುತ್ತಲೇ ಇತ್ತು! ಕೈ ಆಡಿದ್ದನ್ನೇ ಅದು ನಡಿಗೆ ಅಂದುಕೊಂಡಿತ್ತು. ‘ಹಾಗಾದ್ರೆ ನಾನು ಈ ವರ್ಷ ಗೋಕರ್ಣಕ್ಕೆ ನಡೆದೇ ಹೋಗಿಬಂದೆ’ ಅಂತ ಅತ್ತಿಗೆ ನಕ್ಕಳು. ಅಂದಹಾಗೆ, ದಿನಕ್ಕೆ 10,000 ಹೆಜ್ಜೆ ಅನ್ನುವುದು ವೈದ್ಯರು ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರ ಹೊತ್ತಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ಹಾಗಿತ್ತು.

ಸುಲಿಯುವುದು, ತರಕಾರಿ ಹೆಚ್ಚುವುದು, ಒಲೆ ಮುಂದೆ ನಿಲ್ಲುವುದು ಸುಸ್ತು ಮಾಡುತ್ತವೆ, ಸೊಂಟ ಹಿಡಿಯುತ್ತದೆ, ಉಸಿರು ಮಾತ್ರ ಏರುವುದಿಲ್ಲ. ಬಾವಿಗೆ ಪಂಪು, ರುಬ್ಬೋಕೆ ಮಿಕ್ಸರ್ ಬಂದಿದೆ. ಬಂದದ್ದು ಒಳ್ಳೆಯದೇ, ಒರಳಿಗೆ ವಾಪಸ್ ಹೋಗಿ ಅಂತ ನಾನಂತೂ ಹೇಳುವುದಿಲ್ಲ. ನನಗೆ ಕಾಣುವಂತೆ ನಮ್ಮ ಹಳ್ಳಿಗಳಲ್ಲಿ ಜಾಸ್ತಿ ಕಳೆದುಹೋದದ್ದು ಓಡಾಟ. ಬಸ್‌ಸ್ಟಾಪಿಗೆ, ಡೇರಿಗೆ, ಮದುವೆ ಮನೆಗೆ ನಡೆದೇ ಹೋಗುತ್ತಿದ್ದೆವು. ಈಗ ಎಲ್ಲದಕ್ಕೂ ಸ್ಕೂಟಿ.

ನಾನಿರುವ ಕಾರವಾರದಲ್ಲಿ ಬೇರೆಯೇ ಕಥೆ. ಆಫೀಸಿನವರು ಇಡೀ ದಿನ ಕೂತು, ಸಂಜೆ ಟ್ಯಾಗೋರ್ ಬೀಚಿನಲ್ಲಿ ಹೆಜ್ಜೆ ಹಾಕುತ್ತಾರೆ. ಒಣ ಮರಳಲ್ಲಿ ನಡೆಯೋಕೆ ಗಟ್ಟಿ ನೆಲಕ್ಕಿಂತ ಜಾಸ್ತಿ ಶಕ್ತಿ ಬೇಕು, ಅದೊಂದು ಲಾಭ. ಜೂನ್ ಬಂತೋ, ಮಳೆಗೆ ಅದೂ ನಿಂತಿತು. ಅದೇ ಊರಲ್ಲಿ ಮೀನಿನ ಬುಟ್ಟಿ ಹೊತ್ತು ಮನೆ ಮನೆ ಸುತ್ತುವ ಹೆಂಗಸರು, ರಂಪಣಿ ಬಲೆ ಎಳೆಯುವವರು ಇದ್ದಾರೆ. ಭಾರದ ಕೆಲಸ ಗಂಟೆಗಟ್ಟಲೆ ನಡೆದು, ದಣಿವಾರಿಸಿಕೊಳ್ಳೋಕೆ ಹೊತ್ತೇ ಸಿಗದಿದ್ದರೆ, ಬಿಡುವಿನ ವ್ಯಾಯಾಮದಷ್ಟು ಲಾಭ ಹೃದಯಕ್ಕೆ ಸಿಗುವುದಿಲ್ಲ ಅನ್ನುವ ಅಧ್ಯಯನಗಳಿವೆ. ಅವರಿಗೆ ವಾಕಿಂಗ್ ಮಾಡಿ ಅಂತ ಹೇಳೋಕೆ ನನಗೆ ಬಾಯಿ ಬರುವುದಿಲ್ಲ.

ನೀವು ಒಂದು ವಾರ ಉಸಿರು ಏರಿದ ಹೊತ್ತನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡಿ. ದಿಬ್ಬ ಹತ್ತಿದ್ದು, ಗೊಬ್ಬರ ಹೊತ್ತಿದ್ದು, ಅಂಗಳ ಬೀಸಾಗಿ ಗುಡಿಸಿದ್ದು. 150 ನಿಮಿಷ ದಾಟಿದರೆ ಆ ವಾರ ಬೇರೆ ವಾಕಿಂಗ್ ಬೇಡ. ಸುಲಿಯುವ ದಿನಗಳಲ್ಲಿ, ಹೊರಗೆ ಕಾಲಿಡಲಾಗದ ಮಳೆಯಲ್ಲಿ ಖಂಡಿತ ಕಮ್ಮಿ ಬೀಳುತ್ತದೆ. ಆಗ ಡೇರಿಗೆ ಸ್ಕೂಟಿ ಬಿಟ್ಟು ಹೋಗಿ, ಮಳೆ ಜೋರಿದ್ದರೆ ಜಗಲಿಯಲ್ಲೇ ಬಿರುಸಾಗಿ ಸುತ್ತಿ. ಸುಲಿಯುವಾಗ ಅರ್ಧ ತಾಸಿಗೊಮ್ಮೆ ಸುಮ್ನೆ ಎದ್ದು ಒಂದು ಸುತ್ತು ಹಾಕಿ. ಮಾಮೂಲಿ ದಿಬ್ಬ ಹತ್ತುವಾಗಲೇ ಎದೆ ಹಿಡಿದಂತಾದರೆ, ಮೊದಲಿಗಿಂತ ಬೇಗ ಏದುಸಿರು ಬಂದರೆ, ವಾಕಿಂಗ್ ಆಮೇಲೆ. ಮೊದಲು ಡಾಕ್ಟರಿಗೆ ತೋರಿಸಿ.